ಆರು ತಿಂಗಳಿಗೆ ಅಂತ ಹಾಕಿದ ಶೆಡ್ಡು

ನಾವು ಶೆಡ್ಡಿಗೆ ಬಂದಿದ್ದು 2020ರ ಡಿಸೆಂಬರ್‌ನಲ್ಲಿ. ಮನೆಯೊಳಗೆ ಹಾಲು ಉಕ್ಕಿಸಿದ್ದು 2024ರ ಮೇ ತಿಂಗಳಲ್ಲಿ. ಲೆಕ್ಕ ಹಾಕಿದರೆ 41 ತಿಂಗಳು. ಬರುವಾಗ ಅತ್ತೆಗೆ ಹೇಳಿದ್ದು ಮಾತ್ರ, "ಆರೇ ತಿಂಗಳು ಅತ್ತೆ, ಹೇಗೋ ಕಳೆದುಬಿಡೋಣ" ಅಂತ.

ಹಿರಿಯೂರಿನ ಅಂಚಿನಲ್ಲಿ ನಮ್ಮದೊಂದು 30-40 ಸೈಟು. ರಾತ್ರಿ ಹೊತ್ತು ಹೈವೇ ಲಾರಿಗಳ ಸದ್ದು ಕೇಳಿಸುವಷ್ಟು ದೂರ. ನಾನು ಬಟ್ಟೆ ಹೊಲಿಯುತ್ತೇನೆ. ನಮ್ಮ ಮನೆಯವರು ಲಗೇಜ್ ಆಟೊ ಓಡಿಸುತ್ತಾರೆ. 2018ರಲ್ಲಿ ನನ್ನ ಒಡವೆ ಅಡ ಇಟ್ಟು ಸೈಟು ತಗೊಂಡಿದ್ದೆವು. ಮನೆ ಕಟ್ಟುವ ಯೋಚನೆ ಇನ್ನೂ ದೂರದ್ದಾಗಿತ್ತು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಆಟೊ ನಿಂತಿತು. ಮದುವೆಗಳೇ ಇಲ್ಲ ಅಂದ ಮೇಲೆ ಬ್ಲೌಸ್ ಹೊಲಿಸುವವರು ಎಲ್ಲಿ? ಎಲ್ಲಾ ನಿಂತರೂ ಬಾಡಿಗೆ 4,500 ರೂಪಾಯಿ ಮಾತ್ರ ನಿಲ್ಲಲಿಲ್ಲ. ಆಗಲೇ ತೀರ್ಮಾನ ಮಾಡಿದ್ದು: ಇನ್ನು ಬಾಡಿಗೆ ಕಟ್ಟುವ ದುಡ್ಡು ನಮ್ಮ ಸೈಟಿಗೇ ಹೋಗಲಿ.

ಶೆಡ್ಡು ಹೇಗೆ ಹಾಕಿದೆವು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ನಮ್ಮ ಕಷ್ಟಗಳಲ್ಲಿ ಅರ್ಧ ಅಲ್ಲಿಂದಲೇ ಶುರುವಾಗಿದ್ದು. ಒಳ್ಳೆಯ ಐಡಿಯಾ ಬಂದಿದ್ದೂ ಅಲ್ಲೇ.

ಮೊದಲು ನಾಲ್ಕು ಕಡೆ ತಗಡು ಹೊಡೆಸೋಣ ಅಂತಿದ್ದೆವು. ಮೇಸ್ತ್ರಿ ಬೇಡ ಅಂದರು. "ಅಕ್ಕಾ, ಆರಿಂಚು ಸಾಲಿಡ್ ಬ್ಲಾಕ್ ತರಿಸಿ. ಸಿಮೆಂಟ್ ಬೇಡ, ಮಣ್ಣಿನ ಗಾರೆಯಲ್ಲೇ ಕಟ್ಟಿಕೊಡ್ತೀನಿ. ಆಮೇಲೆ ಬಿಚ್ಚಿ ಕಾಂಪೌಂಡಿಗೆ ಹಾಕ್ಕೊಳ್ಳಿ" ಅಂದರು. ಒಂಬತ್ತಡಿ ಅಗಲ, ಹದಿನೆಂಟಡಿ ಉದ್ದ, ಏಳಡಿ ಎತ್ತರ. 380ರ ಹತ್ತಿರ ಬ್ಲಾಕ್ ಹಿಡಿಯಿತು. ಹಳೇ ಸಾಮಾನಿನ ಅಂಗಡಿಯಿಂದ ಒಂದು ಕಬ್ಬಿಣದ ಬಾಗಿಲು, ಒಂದು ಕಿಟಕಿ ತಂದೆವು. ಮೇಲೆ ತಗಡಿನ ಶೀಟು. ಎಲ್ಲಾ ಸೇರಿ 52,000 ಆಯಿತು. ಸೈಟಿನ ಹಿಂದಿನ ಮೂಲೆಯಲ್ಲಿ ಹಾಕಿದ್ದರಿಂದ ಮುಂದೆ ಜಲ್ಲಿ ಲಾರಿ ಬಂದು ಅನ್‌ಲೋಡ್ ಮಾಡೋಕೆ ಜಾಗ ಉಳಿಯಿತು. ನಮಗೆ ಗೊತ್ತಿದ್ದವರೊಬ್ಬರು ಸೈಟಿನ ನಡುವೆಯೇ ಶೆಡ್ಡು ಹಾಕಿಕೊಂಡು, ಪಾಯ ತೆಗೆಯುವ ದಿನ ಸಾಮಾನು ಹೊತ್ತು ರಸ್ತೆಯಲ್ಲಿ ನಿಂತಿದ್ದನ್ನು ನೋಡಿದ್ದೆವು.

ಇಷ್ಟೆಲ್ಲಾ ಬುದ್ಧಿ ಉಪಯೋಗಿಸಿದವರು ನೆಲದ ವಿಷಯದಲ್ಲಿ ಜಿಪುಣತನ ಮಾಡಿದೆವು. ಆರು ತಿಂಗಳಿಗೆ ಯಾಕೆ ಅಂತ ನೆಲವನ್ನು ಎತ್ತರಿಸಲೇ ಇಲ್ಲ. ಇದ್ದ ಮಣ್ಣಿನ ಮೇಲೆ ಎರಡಿಂಚು ಕಾಂಕ್ರೀಟ್ ಬಳಿಸಿದೆವು, ಅಷ್ಟೇ. ಶೀಟನ್ನೂ ನಾಲ್ಕು ಕಡೆ ತಂತಿಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ ಸುಮ್ಮನಾದೆವು.

ಮೊದಲ ಆಷಾಢ ಬಂತು. ನಮ್ಮ ಚಿತ್ರದುರ್ಗ ಜಿಲ್ಲೆಯ ಗಾಳಿ ಗೊತ್ತಲ್ವಾ? ಗುಡ್ಡದ ಮೇಲೆಲ್ಲಾ ಗಾಳಿಯಂತ್ರ ಯಾಕೆ ನಿಲ್ಲಿಸಿದ್ದಾರೆ ಅಂತ ಅವತ್ತು ರಾತ್ರಿ ಅರ್ಥವಾಯಿತು. ಎರಡು ಗಂಟೆ ಹೊತ್ತಿಗೆ ಪಡುವಣ ಕಡೆಯ ಶೀಟು ಎದ್ದು ಬಡಿಯೋಕೆ ಶುರುವಾಯಿತು. ಮೇಲಿದ್ದ ಕಲ್ಲು ಉರುಳಿ ಹೊರಗೆ ಬಿತ್ತು. ಒಳಗೆ ಬಿದ್ದಿದ್ದರೆ ಮಗಳು ಮಲಗಿದ್ದ ಜಾಗ. ನಮ್ಮ ಮನೆಯವರು ಬೆಳಗಿನ ತನಕ ಶೀಟಿಗೆ ಹಗ್ಗ ಹಾಕಿ ಜಗ್ಗಿಕೊಂಡು ಕೂತಿದ್ದರು. ಮರುದಿನವೇ ಕಬ್ಬಿಣದ ಪೈಪು ತರಿಸಿ, ಗೋಡೆಯ ಮೂಲೆಗಳಲ್ಲಿ ನೆಲಕ್ಕೆ ಹೂತು ಕಾಂಕ್ರೀಟ್ ಹಾಕಿಸಿ, ಶೀಟನ್ನು ಜೆ ಬೋಲ್ಟ್ (ಕೊಕ್ಕೆಯ ಹಾಗೆ ಬಾಗಿದ ಬೋಲ್ಟು) ಹಾಕಿ ಬಿಗಿದೆವು. ಶೀಟಿನ ಮೇಲೆ ಕಲ್ಲು ಹೇರೋದು ಎಲ್ಲಾ ಕಡೆ ಮಾಡ್ತಾರೆ. ದಯವಿಟ್ಟು ಮಾಡಬೇಡಿ.

ಬೇಸಿಗೆಯದು ಇನ್ನೊಂದು ಕಥೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಶೆಡ್ಡಿನೊಳಗೆ ಕೂತು ಹೊಲಿಯೋಕೆ ಆಗುತ್ತಿರಲಿಲ್ಲ. ರೇಷ್ಮೆ ಬ್ಲೌಸಿನ ಮೇಲೆ ಬೆವರಿನ ಹನಿ ಬಿದ್ದರೆ ಗಿರಾಕಿ ಬಿಡುತ್ತಾರಾ? ಶೀಟಿನ ಮೇಲೆ ದಪ್ಪಗೆ ಸುಣ್ಣ ಹೊಡೆಸಿದೆವು. ಅದರ ಮೇಲೆ ತೆಂಗಿನ ಗರಿ ಹೊದಿಸಿ, ಹಾರದ ಹಾಗೆ ಹಳೇ ಬಲೆ ಬಿಗಿದೆವು. ಒಳಗೆ ಹಳೇ ಸೀರೆಗಳನ್ನು ಸೇರಿಸಿ ಹೊಲಿದು ಚಪ್ಪರದ ಹಾಗೆ ಕಟ್ಟಿದೆ. ಫ್ಯಾನಿನ ಗಾಳಿ ಗಾಳಿಯ ಹಾಗೆ ಬರೋಕೆ ಶುರುವಾಗಿದ್ದು ಆಮೇಲೆಯೇ. ಆದರೂ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಮಿಷನ್ನನ್ನು ಪಕ್ಕದ ಬೇವಿನ ಮರದ ಕೆಳಗೆ ಇಟ್ಟುಕೊಂಡೇ ಹೊಲಿದಿದ್ದೇನೆ. ಕಾಲಲ್ಲಿ ತುಳಿಯುವ ಮಿಷನ್ನು, ಕರೆಂಟಿನ ಹಂಗಿಲ್ಲ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆವು. ಪಾಯಕ್ಕೂ ಮೊದಲು ಸಂಪು, ಟಾಯ್ಲೆಟ್ಟು ಎರಡನ್ನೂ ಪರ್ಮನೆಂಟಾಗಿಯೇ ಕಟ್ಟಿಸಿದೆವು. ಸಂಪು ಆರಡಿ ಉದ್ದ, ಆರಡಿ ಅಗಲ, ಆರಡಿ ಆಳ. ಆರು ಸಾವಿರ ಲೀಟರ್ ಹಿಡಿಯುತ್ತದೆ. ಕುಡಿಯೋಕೆ ನಲ್ಲಿ ನೀರು, ಕೆಲಸಕ್ಕೆ ಟ್ಯಾಂಕರ್ ನೀರು. ಟಾಯ್ಲೆಟ್ಟು, ಬಚ್ಚಲು ನಾಳೆ ಮನೆಯ ಹಿಂಬದಿಗೆ ಸೇರಿಕೊಳ್ಳುವ ಹಾಗೆ ಅಳತೆ ಹಿಡಿದು ಕಟ್ಟಿಸಿದ್ದು. ಪಿಟ್ಟಿಗೆ ಸಿಮೆಂಟಿನ ರಿಂಗ್ ಇಳಿಸಿದರು. ವಯಸ್ಸಾದ ಅತ್ತೆ, ಹೈಸ್ಕೂಲಿನ ಮಗಳು ಇರುವ ಮನೆ. ಇದೊಂದು ಇಲ್ಲದಿದ್ದರೆ ಮೂರು ತಿಂಗಳೂ ಅಲ್ಲಿ ನಿಲ್ಲೋಕೆ ಆಗುತ್ತಿರಲಿಲ್ಲ.

2021ರ ಫೆಬ್ರವರಿಯಲ್ಲಿ ಗುದ್ದಲಿ ಪೂಜೆ ಆಯಿತು. ಐದು ಚದರದ, ಅಂದರೆ 500 ಚದರಡಿಯ ಮನೆ. ನಮ್ಮದು ಎರೆ ಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಎರೆ ದಾಟಿ ಗಟ್ಟಿ ನೆಲ ಸಿಗುವ ತನಕ ಪಾಯ ಇಳಿಸಿದರು. ಸೈಜುಗಲ್ಲಿನ ಕಟ್ಟಡ, ಮೇಲೆ ಕಾಂಕ್ರೀಟಿನ ಬೆಲ್ಟು, ಒಳಗೆ ಗರಸು ಮಣ್ಣು. ಅಲ್ಲಿಗೆ ಇದ್ದ ದುಡ್ಡು ಮುಗಿಯಿತು. ಎರಡನೇ ಅಲೆಯ ಲಾಕ್‌ಡೌನೂ ಬಂತು. ಪಾಯ ಒಂದು ಮಳೆಗಾಲ ಪೂರ್ತಿ ಹಾಗೇ ನಿಂತಿತು. ನಮಗೆ ಬೇಜಾರು. ಅತ್ತೆಗೆ ಸಮಾಧಾನ. "ಪಾಯ ಒಂದು ಮಳೆ ಕುಡಿಯಬೇಕು ಕಣಮ್ಮ" ಅಂದರು. ನಿಜವೇ. ತುಂಬಿದ ಗರಸು ನಾಲ್ಕಿಂಚು ಕುಸಿದಿತ್ತು. ಅವಸರದಲ್ಲಿ ನೆಲ ಹಾಕಿಸಿದ್ದರೆ ಅದು ಬಿರುಕು ಬಿಡುತ್ತಿತ್ತು.

ಆ ಖಾಲಿ ತಿಂಗಳುಗಳಲ್ಲಿ ಇನ್ನೊಂದು ಲಾಭವೂ ಆಯಿತು. ಸಂಜೆ ಪಾಯದ ಮೇಲೆ ಕೂತು ನಾನು ನನ್ನ ಅಡುಗೆಮನೆಯನ್ನು ಲೆಕ್ಕ ಹಾಕುತ್ತಿದ್ದೆ. ಪ್ಲಾನಿನಲ್ಲಿ ಹಾಲ್‌ನ ದೊಡ್ಡ ಕಿಟಕಿ ಪಡುವಣಕ್ಕೆ ಇತ್ತು. ಪೇಪರ್ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಒಂದು ಬೇಸಿಗೆ, ಒಂದು ಆಷಾಢ ಅದೇ ಜಾಗದಲ್ಲಿ ಕಳೆದ ಮೇಲೆ ಗೊತ್ತಾಯಿತು: ಮೂರು ಗಂಟೆಯ ಬಿಸಿಲೂ ಆ ಕಡೆಯಿಂದಲೇ, ಮಳೆಯ ಎರಚಲೂ ಆ ಕಡೆಯಿಂದಲೇ. ಕಿಟಕಿಯನ್ನು ಬಡಗಣಕ್ಕೆ ತಿರುಗಿಸಿ ಅಂದೆ. ಮೇಸ್ತ್ರಿ ತಲೆ ಕೆರೆದುಕೊಂಡರು. "ಪ್ಲಾನ್ ಬರೆದೋರು ಇಂಜಿನಿಯರ್ ಅಕ್ಕಾ." "ಮಲಗಿದ್ದೋಳು ನಾನು ಮೇಸ್ತ್ರಿ" ಅಂದೆ. ಪಡುವಣಕ್ಕೆ ಒಂದು ಸಣ್ಣ ಕಿಟಕಿ, ಅದಕ್ಕೆ ಎರಡಡಿಯ ಸಜ್ಜ ಇಟ್ಟರು. ಇವತ್ತು ಆ ಬಡಗಣ ಕಿಟಕಿಯ ಕೆಳಗೇ ನನ್ನ ಮಿಷನ್ನು ಇದೆ. ದಿನವಿಡೀ ಬೆಳಕು, ಬಿಸಿಲಿಲ್ಲ.

ಡಿಸೆಂಬರ್ ಹೊತ್ತಿಗೆ ಚೀಟಿ ದುಡ್ಡು ಬಂತು. ಗೋಡೆ ಲಿಂಟಲ್ ತನಕ, ಅಂದರೆ ಬಾಗಿಲು ಕಿಟಕಿಗಳ ಮೇಲಿನ ಕಾಂಕ್ರೀಟ್ ಪಟ್ಟಿಯ ತನಕ ಎದ್ದಿತು. ಸೈಟಿನಲ್ಲೇ ಇರುವವರಿಗೆ ದೊಡ್ಡ ಅನುಕೂಲ ಅಂದರೆ ಕ್ಯೂರಿಂಗು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗೋಡೆಗೆ ನೀರು ಹೊಡೆಯೋದು ಮಗಳ ಡ್ಯೂಟಿ. ಬೇರೆ ಕಡೆ ಬಾಡಿಗೆಗಿದ್ದು ಮನೆ ಕಟ್ಟಿಸುವವರು ಇದಕ್ಕೇ ಒಬ್ಬರನ್ನು ಇಡಬೇಕು. ಇಟ್ಟರೂ ಹೊಡೆದರೋ ಇಲ್ಲವೋ ಯಾರು ನೋಡಿದವರು? ಮರಳು, ಕಂಬಿ ಕಾಯೋಕೂ ಬೇರೆ ಜನ ಬೇಕಾಗಲಿಲ್ಲ. ಆದರೆ ಬ್ಲಾಕಿನ ರಾಶಿ ಪಕ್ಕದಲ್ಲೇ ಇದ್ದರೆ ಚೇಳೂ ಪಕ್ಕದಲ್ಲೇ ಇರುತ್ತದೆ. ಒಂದೂವರೆ ವರ್ಷದಲ್ಲಿ ಏಳು ಚೇಳು ಹೊಡೆದಿದ್ದೇವೆ. ಚಪ್ಪಲಿ ಕೊಡವದೆ ಕಾಲಿಗೆ ಹಾಕುವ ಅಭ್ಯಾಸ ನಮಗೆ ಈಗಲೂ ಇಲ್ಲ.

ಇನ್ನು ನಾನು ಮಾಡಿದ ದಡ್ಡತನ. 2022ರ ಏಪ್ರಿಲ್‌ನಲ್ಲಿ ಕಂಬಿ ರೇಟು ದಿನಾ ಏರುತ್ತಿತ್ತು. ಉಕ್ರೇನಿನಲ್ಲಿ ಯುದ್ಧ ಶುರುವಾಗಿದೆ, ಇನ್ನೂ ಏರುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು. ಸಂಘದಲ್ಲಿ ಸಾಲ ಎತ್ತಿ ಮೋಲ್ಡಿಗೆ, ಅಂದರೆ ಕಾಂಕ್ರೀಟ್ ಛಾವಣಿಗೆ ಬೇಕಾದ ಕಂಬಿ ಅಷ್ಟನ್ನೂ ಒಂದೇ ಸಲ ತರಿಸಿದೆ. ಒಂದು ಟನ್ನಿನ ಹತ್ತಿರ. ಮೇ 22ರಿಂದ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ 15 ಪರ್ಸೆಂಟ್ ಸುಂಕ ಹಾಕಿತು. ರೇಟು ಇಳಿಯೋಕೆ ಶುರುವಾಯಿತು. ಮಳೆಗಾಲದ ಹೊತ್ತಿಗೆ ಕೆಜಿಗೆ ಹತ್ತು ರೂಪಾಯಿಗಿಂತ ಜಾಸ್ತಿ ಇಳಿದಿತ್ತು. ಮೋಲ್ಡಿನ ಉಳಿದ ಖರ್ಚಿಗೆ ದುಡ್ಡಿಲ್ಲ. ಕಂಬಿ ಟಾರ್ಪಾಲಿನ ಕೆಳಗೆ ಕೆಂಪಾಗುತ್ತಾ ಬಿದ್ದಿತ್ತು, ಸಾಲದ ಕಂತು ವಾರಾ ವಾರಾ ಕಟ್ಟುತ್ತಿದ್ದೆ. ಕೊನೆಗೆ ಪದರ ಎದ್ದಿದ್ದ ಕಡೆಯೆಲ್ಲಾ ಕೂತು ವೈರ್ ಬ್ರಷ್ಷಿನಲ್ಲಿ ಉಜ್ಜಿದ್ದೂ ನಾನೇ.

ಕಂಬಿ ತಗೊಳ್ಳುವಾಗ ಒಂದು ಲೆಕ್ಕ ಕಲಿತೆ, ಹೇಳಿಬಿಡುತ್ತೇನೆ. ಕಂಬಿಯ ಎಂಎಂ ಅನ್ನು ಅದೇ ಸಂಖ್ಯೆಯಿಂದ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತದೆ. 12 ಎಂಎಂ ಕಂಬಿ 12 ಮೀಟರ್ ಉದ್ದ ಇದ್ದರೆ ಹತ್ತೂಮುಕ್ಕಾಲು ಕೆಜಿಗೆ ಸ್ವಲ್ಪ ಕಮ್ಮಿ ಇರಬೇಕು. ಅಂಗಡಿಯವರ ಚೀಟಿಯ ತೂಕಕ್ಕೂ ಕಂಬಿಗಳ ಎಣಿಕೆಗೂ ತಾಳೆ ಬೀಳುತ್ತಾ ಅಂತ ಅಲ್ಲೇ ನೋಡಿಕೊಳ್ಳಬಹುದು.

ಅದೇ ವರ್ಷ ಸೆಪ್ಟೆಂಬರ್ 2ಕ್ಕೆ ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಜಲಾಶಯ ತುಂಬಿ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಈ ಜನ್ಮದಲ್ಲಿ ನೋಡ್ತೀನಿ ಅಂದುಕೊಂಡಿರಲಿಲ್ಲ ಅಂತ ಅತ್ತೆ ಹಟ ಹಿಡಿದರು. ಒಂದು ದಿನ ಎಲ್ಲರೂ ಆಟೊದಲ್ಲಿ ಹೋದೆವು. ಇಡೀ ತಾಲ್ಲೂಕೇ ಅಲ್ಲಿತ್ತು. ಅತ್ತೆ ನೀರಿಗೆ ಅರಿಶಿನ ಕುಂಕುಮ ಬಿಟ್ಟು ಕೈ ಮುಗಿದರು. ವಾಪಸ್ ಬರುವಷ್ಟರಲ್ಲಿ ಜೋರು ಮಳೆ. ಶೆಡ್ಡಿನ ಬಾಗಿಲು ತೆಗೆದರೆ ನಮ್ಮ ಮನೆಗೂ ಕೋಡಿ ಬಿದ್ದಿತ್ತು. ಮೊಣಕಾಲಿನ ಅರ್ಧಕ್ಕೆ ನೀರು. ನೆಲ ಎತ್ತರಿಸದೆ ಉಳಿಸಿದ್ದ ಎಂಟು ಸಾವಿರ ರೂಪಾಯಿ ಅವತ್ತು ನೆನಪಾಯಿತು. ಮಗಳ ಪುಸ್ತಕ, ಗಿರಾಕಿಗಳ ಎರಡು ಸೀರೆ, ರಾಗಿ ಹಿಟ್ಟಿನ ಡಬ್ಬ. ಹೊಲಿಗೆ ಮಿಷನ್ನಿನ ಪಕ್ಕ 20 ಮೂಟೆ ಸಿಮೆಂಟ್ ಬೇರೆ. ಮಳೆಗೆ ಮುಂಚೆ ಕಮ್ಮಿ ರೇಟಿಗೆ ಸಿಕ್ಕಿತು ಅಂತ ತಂದಿಟ್ಟಿದ್ದೆವು. ಹಲಗೆ ಮೇಲೆ ಜೋಡಿಸಿದ್ದರಿಂದ ಮೇಲಿನವು ಉಳಿದವು, ಕೆಳಗಿನ ನಾಲ್ಕು ಮೂಟೆ ಕಲ್ಲಾದವು. ಹದಿನೈದು ದಿನಕ್ಕೆ ಬೇಕಾದಷ್ಟೇ ಸಿಮೆಂಟ್ ತನ್ನಿ, ಎಷ್ಟೇ ಕಮ್ಮಿಗೆ ಸಿಗಲಿ. ಎರಡು ರಾತ್ರಿ ಛಾವಣಿ ಇಲ್ಲದ ಮನೆಯ ಗೋಡೆಗಳ ನಡುವೆ, ಟಾರ್ಪಾಲ್ ಕಟ್ಟಿಕೊಂಡು ಮಲಗಿದೆವು. ಹಾಗೆ ನೋಡಿದರೆ ನಾವು ಹೊಸ ಮನೆಯಲ್ಲಿ ಮಲಗಿದ ಮೊದಲ ರಾತ್ರಿ ಅದೇ.

ನೆಂಟರ ಮಾತಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಇನ್ನೂ ಶೆಡ್ಡಲ್ಲೇ ಇದ್ದೀರಾ?" ಅನ್ನುವ ಪ್ರಶ್ನೆಗೆ ಮೊದಲ ವರ್ಷ ಉತ್ತರ ಕೊಡುತ್ತಿದ್ದೆ. ಎರಡನೇ ವರ್ಷ ಮದುವೆ ಮುಂಜಿಗೆ ಹೋಗೋದನ್ನೇ ಕಮ್ಮಿ ಮಾಡಿದೆ. ಮಗಳು ತನ್ನ ಗೆಳತಿಯರನ್ನು ಒಂದು ದಿನವೂ ಮನೆಗೆ ಕರೆಯಲಿಲ್ಲ. ಎಸ್ಸೆಸ್ಸೆಲ್ಸಿ ಓದಿದ್ದೂ ಸಿಮೆಂಟ್ ಮೂಟೆಗೆ ಒರಗಿಕೊಂಡೇ. ಅದಕ್ಕೆ ನನ್ನ ಹತ್ತಿರ ಈಗಲೂ ಸಮಾಧಾನದ ಮಾತಿಲ್ಲ.

ಮೋಲ್ಡ್ ಹಾಕಿದ್ದು 2023ರ ಜನವರಿಯಲ್ಲಿ. ಬೆಳಿಗ್ಗೆ ಆರಕ್ಕೆ ಮಿಕ್ಸರ್ ಬಂತು, ಸಂಜೆ ನಾಲ್ಕಕ್ಕೆ ಮುಗಿಯಿತು. ಗಾರೆ ಕೆಲಸದವರಿಗೆಲ್ಲಾ ಬಾಡೂಟ, ಶೆಡ್ಡಿನ ಮುಂದೆಯೇ ಒಲೆ ಹೂಡಿ ಮಾಡಿದೆ. ಮಾರನೇ ದಿನ ಮೇಲೆ ಸಿಮೆಂಟಿನ ಪಾತಿ ಕಟ್ಟಿ ನೀರು ನಿಲ್ಲಿಸಿದೆವು. 15 ದಿನ ಆದ ಮೇಲೆ ಸೆಂಟ್ರಿಂಗ್, ಅಂದರೆ ಮೋಲ್ಡಿಗೆ ಕೆಳಗಿನಿಂದ ಕೊಟ್ಟಿದ್ದ ಆಸರೆ ಬಿಚ್ಚಿದರು. ಆಮೇಲೆ ಕೆಲಸ ರೂಮಿನ ಲೆಕ್ಕದಲ್ಲಿ ನಡೆಯಿತು. ಒಂದು ರೂಮಿಗೆ ಪ್ಲಾಸ್ಟರು, ಬಾಗಿಲು ಆದ ತಕ್ಷಣ ಅತ್ತೆ ಮತ್ತು ಮಗಳನ್ನು ಅಲ್ಲಿಗೆ ಕಳಿಸಿದೆ. ಪೂಜೆ ಆಗದೆ ಮಲಗಬಾರದು ಅಂತ ಅತ್ತೆ ಎರಡು ದಿನ ಹಿಂದೆ ಮುಂದೆ ನೋಡಿದರು. ಮೂರನೇ ದಿನ ಅವರೇ ಚಾಪೆ ಹಿಡಿದುಕೊಂಡು ಹೊರಟರು. ಶೆಡ್ಡು ಅಡುಗೆಮನೆಯಾಗಿ ಇನ್ನೊಂದು ವರ್ಷ ನಡೆಯಿತು.

ಲೆಕ್ಕ ಕೇಳುವವರಿಗೆ: ಶೆಡ್ಡಿಗೆ ಮೊದಲು ಹಾಕಿದ 52,000, ಆಮೇಲೆ ರಿಪೇರಿಗೆ 19,000. ಒಟ್ಟು 71,000. ಕಟ್ಟದೆ ಉಳಿಸಿದ ಬಾಡಿಗೆ 41 ತಿಂಗಳಿಗೆ 1,84,500. ಮೊದಲೇ ಒಂದಡಿ ನೆಲ ಎತ್ತರಿಸಿ, ಶೀಟು ಸರಿಯಾಗಿ ಬಿಗಿದಿದ್ದರೆ ರಿಪೇರಿಯ ದುಡ್ಡಲ್ಲಿ ಮುಕ್ಕಾಲು ಪಾಲು ಉಳಿಯುತ್ತಿತ್ತು. ನೆನೆದ ಸೀರೆಗಳಿಗೆ ಕೊಟ್ಟ ದುಡ್ಡನ್ನು ಇದರಲ್ಲಿ ಸೇರಿಸಿಲ್ಲ. ಯಾರಾದರೂ ಆರು ತಿಂಗಳಿಗೆ ಶೆಡ್ಡು ಹಾಕ್ತೀನಿ ಅಂತ ನನ್ನ ಹತ್ತಿರ ಬಂದರೆ, ಮೂರು ವರ್ಷಕ್ಕೆ ಅಂದುಕೊಂಡು ಹಾಕಿ ಅಂತೀನಿ. ಅವರಿಗೆ ಕೋಪ ಬರುತ್ತದೆ, ಬರಲಿ.

ಕಳೆದ ವರ್ಷ ಶೆಡ್ಡು ಬಿಚ್ಚಿದೆವು. ಮೇಸ್ತ್ರಿ ಹೇಳಿದ ಹಾಗೇ ಆಯಿತು. ಮಣ್ಣಿನ ಗಾರೆ ತಾನಾಗೇ ಉದುರಿತು, 340 ಬ್ಲಾಕ್ ಪೂರ್ತಿಯಾಗಿ ಸಿಕ್ಕವು. ಅವೇ ಈಗ ಎರಡು ಕಡೆಯ ಕಾಂಪೌಂಡು. ಕಲ್ಲಾದ ನಾಲ್ಕು ಮೂಟೆಗಳಲ್ಲಿ ಎರಡು ನಲ್ಲಿಯ ಕೆಳಗೆ ಬಟ್ಟೆ ಒಗೆಯೋಕೆ ಇವೆ. ಚೀಲ ಹರಿದುಹೋಗಿದ್ದರೂ ಅದರ ಹೊಲಿಗೆಯ ಗುರುತು ಕಲ್ಲಿನ ಮೇಲೆ ಹಾಗೇ ಇದೆ. ಗೇಟಿಗೆ ಇನ್ನೂ ದುಡ್ಡು ಹೊಂದಿಲ್ಲ. ಸದ್ಯಕ್ಕೆ ಶೆಡ್ಡಿನ ಬಾಗಿಲನ್ನೇ ತಂತಿಯಲ್ಲಿ ಕಟ್ಟಿದ್ದೇವೆ. ಆರು ತಿಂಗಳಲ್ಲಿ ಹೊಸದು ಹಾಕಿಸೋಣ ಅಂತ ನಮ್ಮ ಮನೆಯವರು ಹೇಳುತ್ತಿದ್ದಾರೆ.