ಬೆಣ್ಣೆ ಕರಗಬಾರದು: ದಾವಣಗೆರೆ ಸೆಕೆಯಲ್ಲಿ ಜೇನಿನ ಬ್ರಿಯೋಶ್

ಬೆಣ್ಣೆ ವಿಷಯದಲ್ಲಿ ದಾವಣಗೆರೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಸಲ ಬ್ರಿಯೋಶ್ ಮಾಡಲು ಕೂತ ದಿನ ಆ ಜಂಬ ಇಳಿಯಿತು. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ, ಫ್ಯಾನ್ ಹಾಕಿದರೆ ಬಿಸಿಗಾಳಿ. ನಾದುತ್ತಾ ನಾದುತ್ತಾ ಬೆಣ್ಣೆಯೆಲ್ಲ ಕರಗಿ, ಮೊಣಕೈವರೆಗೂ ಜಿಡ್ಡು ಹತ್ತಿ, ಹಿಟ್ಟು ಬೋಗುಣಿ ಬಿಟ್ಟು ಮೇಲೆ ಬರಲೇ ಇಲ್ಲ. ಅಮ್ಮ ಬಂದು ನೋಡಿ, "ಹೋಳಿಗೆ ಕಣಕ ಕಲಸಿದ್ಯೇನೆ? ಹೂರಣ ಎಲ್ಲಿ?" ಅಂದರು. ಹಟ ಹಿಡಿದು ಹಾಗೇ ಬೇಯಿಸಿದೆ. ತಳದಲ್ಲಿ ತುಪ್ಪ ನಿಂತಿತ್ತು, ಮೇಲೆ ಇಟ್ಟಿಗೆ.

ಆಮೇಲೆ ಅರ್ಥವಾಯಿತು. ದೋಸೆ ಮೇಲೆ ಹಾಕಿದ ಬೆಣ್ಣೆ ಹಂಚಿನ ಮೇಲೆಯೇ ಕರಗಬೇಕು, ಅದೇ ಅದರ ರುಚಿ. ಬ್ರಿಯೋಶ್ ಹಿಟ್ಟಿನಲ್ಲಿ ಮಾತ್ರ ಓವನ್ ಒಳಗೆ ಹೋಗುವವರೆಗೂ ಬೆಣ್ಣೆ ಕರಗಕೂಡದು. ನಮ್ಮೂರಲ್ಲಿ ಇದನ್ನು ಮಾಡುವುದು ಅಂದರೆ ಅರ್ಧ ಕೆಲಸ ಅಡುಗೆ, ಇನ್ನರ್ಧ ಸೆಕೆಯ ಜೊತೆ ಗುದ್ದಾಟ.

ಗೊತ್ತಿಲ್ಲದವರಿಗೆ ಒಂದು ಮಾತು: ಬ್ರಿಯೋಶ್ ಫ್ರಾನ್ಸಿನ ಬ್ರೆಡ್. ನೀರಿನ ಬದಲು ಮೊಟ್ಟೆ, ಎಣ್ಣೆಯ ಬದಲು ಬೆಣ್ಣೆ, ಅದೂ ಧಾರಾಳವಾಗಿ. ನಮ್ಮ ಬೇಕರಿ ಬನ್ನಿಗೂ ಕೇಕಿಗೂ ನಡುವಿನದು ಅನ್ನಿ. ಸಾಮಾನ್ಯವಾಗಿ ಸಕ್ಕರೆ ಹಾಕುತ್ತಾರೆ, ನಾನು ಜೇನುತುಪ್ಪ ಹಾಕುತ್ತೇನೆ. ವಾಸನೆ ಒಂದು ಕಾರಣ. ಇನ್ನೊಂದು, ಜೇನು ತೇವ ಹಿಡಿದಿಡುತ್ತದೆ, ಬ್ರೆಡ್ ಮಾರನೇ ದಿನವೂ ಮೆತ್ತಗಿರುತ್ತದೆ.

ಬೇಕಾದದ್ದು ಇಷ್ಟು. ಮೈದಾ 300 ಗ್ರಾಂ. ಮೊಟ್ಟೆ 3, ಫ್ರಿಜ್ಜಿನಿಂದ ಆಗತಾನೇ ತೆಗೆದದ್ದು. ತಣ್ಣನೆಯ ಹಾಲು 2 ದೊಡ್ಡ ಚಮಚ. ಜೇನುತುಪ್ಪ 60 ಗ್ರಾಂ, ಅಂದರೆ 3 ದೊಡ್ಡ ಚಮಚ. ಉಪ್ಪಿಲ್ಲದ ಬೆಣ್ಣೆ 120 ಗ್ರಾಂ. ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಒಂದೂವರೆ ಸಣ್ಣ ಚಮಚ. ಉಪ್ಪು 1 ಸಣ್ಣ ಚಮಚ. ಮೇಲೆ ಸವರಲು ಒಂದು ಮೊಟ್ಟೆಯ ಹಳದಿ ಮತ್ತು ಒಂದು ಚಮಚ ಹಾಲು. ಇಷ್ಟಕ್ಕೆ 9 ಇಂಚು ಉದ್ದದ ಒಂದು ಬ್ರೆಡ್ ಟಿನ್ ಸಾಕು. ದಯವಿಟ್ಟು ಸಣ್ಣದೊಂದು ತಕ್ಕಡಿ ಇಟ್ಟುಕೊಳ್ಳಿ. ಲೋಟದ ಅಳತೆಯಲ್ಲಿ ಮೈದಾ ಒಂದು ಸಲ ಒತ್ತಿ ತುಂಬುತ್ತೀರಿ, ಇನ್ನೊಂದು ಸಲ ಸಡಿಲವಾಗಿ, ಹಿಟ್ಟು ಪ್ರತಿ ಸಲ ಬೇರೆ ಆಗುತ್ತದೆ.

ಈಗ ಬೆಣ್ಣೆಯ ಕಥೆ. ಪ್ಯಾಕೆಟ್ಟಿನ ಉಪ್ಪಿಲ್ಲದ ಬೆಣ್ಣೆ ಸಿಕ್ಕರೆ ತಲೆನೋವಿಲ್ಲ, ಅದರಲ್ಲಿ ನೂರಕ್ಕೆ 80 ಭಾಗ ಜಿಡ್ಡು ಇರುತ್ತದೆ. ಉಪ್ಪಿನ ಬೆಣ್ಣೆಯೇ ಇದ್ದರೆ ಹಿಟ್ಟಿಗೆ ಹಾಕುವ ಉಪ್ಪನ್ನು ಅರ್ಧಕ್ಕಿಂತ ಕಡಿಮೆ ಮಾಡಿ. ಆದರೆ ಇಷ್ಟು ಬೆಣ್ಣೆ ಇರುವ ಊರಲ್ಲಿ ಪ್ಯಾಕೆಟ್ ಯಾಕೆ ಅಂತ ನಿಮಗೂ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತು. ಹಳ್ಳಿಯಿಂದ ಬರುವ ಬಿಳಿ ಬೆಣ್ಣೆಯಲ್ಲಿ ಮಾಡಬಹುದು, ರುಚಿ ಒಂದು ಕೈ ಮೇಲೇ. ತೊಂದರೆ ಏನೆಂದರೆ ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ. ದೋಸೆಗೆ ಆ ನೀರು ಚುರ್ ಅಂದು ಆವಿಯಾಗಿ ಹೋಗುತ್ತದೆ, ಹಿಟ್ಟಿನಲ್ಲಿ ಹಾಗಲ್ಲ, ಅದು ಒಳಗೇ ಕೂತು ಹಿಟ್ಟನ್ನು ಅಂಟಂಟು ಮಾಡುತ್ತದೆ. ಅದಕ್ಕೆ 150 ಗ್ರಾಂ ತಗೊಂಡು ಐಸ್ ನೀರಲ್ಲಿ ಮೂರ್ನಾಲ್ಕು ಸಲ ತೊಳೆಯಿರಿ, ನೀರು ತಿಳಿಯಾಗುವವರೆಗೆ. ಆಮೇಲೆ ಮರದ ಚಮಚದಿಂದ ಒತ್ತಿ ಒತ್ತಿ ನೀರು ಹಿಂಡಿ, ಬಟ್ಟೆಯಲ್ಲಿ ಸುತ್ತಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಆಗ ತೂಗಿ 120 ಗ್ರಾಂ ತೆಗೆದುಕೊಳ್ಳಿ. ಎಷ್ಟು ನೀರಿದೆ ಅನ್ನುವ ಅನುಮಾನ ಇದ್ದರೆ ಒಂದು ಚಮಚ ಬೆಣ್ಣೆಯನ್ನು ಗಾಜಿನ ಲೋಟದಲ್ಲಿ ಕರಗಿಸಿ ಸುಮ್ನೆ ಬಿಡಿ, ತಳದಲ್ಲಿ ನೀರು ಬೇರೆಯಾಗಿ ಕಾಣುತ್ತದೆ. ಹುಳಿ ಬಂದ ಬೆಣ್ಣೆ ಬೇಡ. ಸ್ವಲ್ಪ ಹುಳಿ ದೋಸೆಗೆ ಚೆನ್ನಾಗಿರುತ್ತದೆ, ಜೇನಿನ ಜೊತೆ ಹೊಂದುವುದಿಲ್ಲ.

ಜೇನು ಯಾವುದಾದರೂ ಆಗುತ್ತದೆ, ಗಟ್ಟಿಯಾಗಿದ್ದರೆ ಒಳ್ಳೆಯದು. ಪೆಟ್ಟಿಗೆಯಲ್ಲಿ ಸಾಕಿದ ತುಡುವೆ ಜೇನು ನನಗೆ ಇಷ್ಟ. ಹೆಜ್ಜೇನು ಕೆಲವೊಮ್ಮೆ ನೀರಾಗಿರುತ್ತದೆ, ಅಂಥದ್ದು ಇದ್ದರೆ ಹಾಲು ಒಂದು ಚಮಚ ಕಡಿಮೆ ಮಾಡಿ. ಹರಳುಗಟ್ಟಿದ್ದರೆ ಬಾಟಲಿಯನ್ನು ಬೆಚ್ಚಗಿನ ನೀರಲ್ಲಿಡಿ, ಆದರೆ ತಣ್ಣಗಾದ ಮೇಲೇ ಹಿಟ್ಟಿಗೆ ಹಾಕಿ. ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದು, ಬ್ರೆಡ್ಡಿನಲ್ಲಿ ಬೆಂದದ್ದೂ ಬೇಡ.

ಯೀಸ್ಟ್ ಪ್ಯಾಕೆಟ್ ತೆರೆದು ತಿಂಗಳುಗಟ್ಟಲೆ ಆಗಿದ್ದರೆ ನಂಬಬೇಡಿ. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಅರ್ಧ ಚಮಚ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬರದಿದ್ದರೆ ಎಸೆಯಿರಿ.

ಸಮಯ ನಾನು ಹೀಗೆ ಹೊಂದಿಸುತ್ತೇನೆ: ಸಂಜೆ ಏಳರ ಮೇಲೆ ಕಲಸುವುದು, ರಾತ್ರಿ ಪೂರ್ತಿ ಫ್ರಿಜ್ಜು, ಬೆಳಿಗ್ಗೆ ಬೇಯಿಸುವುದು. ಬೇಸಿಗೆಯಲ್ಲಿ ಮೈದಾ ಡಬ್ಬಿಯನ್ನೂ ಮಧ್ಯಾಹ್ನವೇ ಫ್ರಿಜ್ಜಿಗೆ ಹಾಕುತ್ತೇನೆ. ನಗಬೇಡಿ, ಮೇ ತಿಂಗಳಲ್ಲಿ ಡಬ್ಬಿಯೊಳಗಿನ ಹಿಟ್ಟೇ ಬೆಚ್ಚಗಿರುತ್ತದೆ.

ಮೈದಾ, ಯೀಸ್ಟ್, ಉಪ್ಪು ಬೆರೆಸಿ, ಮೊಟ್ಟೆ, ಹಾಲು, ಜೇನು ಹಾಕಿ ಕಲಸಿ. ಬೆಣ್ಣೆ ಈಗಲೇ ಬೇಡ. ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗೆ, ಸ್ವಲ್ಪ ಅಂಟಾಗಿ ಇರಬೇಕು. ಮುಚ್ಚಿ 20 ನಿಮಿಷ ಫ್ರಿಜ್ಜಿನಲ್ಲಿಡಿ. ಹಿಟ್ಟು ತೇವ ಹೀರಿಕೊಂಡು ತಾನೇ ಅರ್ಧ ಹದಕ್ಕೆ ಬಂದಿರುತ್ತದೆ, ನಿಮ್ಮ ರಟ್ಟೆಗೆ ಅಷ್ಟು ಉಳಿತಾಯ. ತೆಗೆದು ಹತ್ತು ನಿಮಿಷ ನಾದಿ. ಕೈಗೆ ಅಂಟುತ್ತದೆ ಅಂತ ಮೈದಾ ಉದುರಿಸುತ್ತಾ ಹೋಗಬೇಡಿ, ಎಲ್ಲರೂ ಮಾಡುವ ತಪ್ಪು ಇದೇ, ಕೊನೆಗೆ ಬ್ರೆಡ್ ಒಣಕಲಾಗಿ ಬರುತ್ತದೆ. ಅಂಗೈಯಿಂದ ತಳ್ಳಿ, ಎತ್ತಿ ಬಡಿದು, ಮಡಚಿ. ಪರೋಟಾ ಮಾಡುವವರು ಹಿಟ್ಟನ್ನು ಬಡಿಯುವುದನ್ನು ನೋಡಿದ್ದೀರಲ್ಲ, ಹಾಗೆ.

ಬೆಣ್ಣೆ ಹಾಕುವ ಮೊದಲು ಒಂದು ಸಣ್ಣ ತುಂಡು ಹಿಟ್ಟು ತೆಗೆದು ಬೆರಳುಗಳ ನಡುವೆ ಮೆಲ್ಲಗೆ ಎಳೆಯಿರಿ. ಹರಿಯದೆ ತೆಳ್ಳಗೆ ಹಿಗ್ಗಿದರೆ ಮುಂದಕ್ಕೆ ಹೋಗಿ, ಹರಿದರೆ ಇನ್ನೂ ಐದು ನಿಮಿಷ ನಾದಿ. ಯಾಕೆ ಇಷ್ಟು ಹೇಳುತ್ತೇನೆ ಅಂದರೆ ಜಿಡ್ಡು ಒಳಗೆ ಹೋದ ಮೇಲೆ ಹಿಟ್ಟಿಗೆ ಎಳೆ ಕಟ್ಟುವುದು ಕಷ್ಟ. ಮೊದಲು ಎಳೆ, ಆಮೇಲೆ ಬೆಣ್ಣೆ.

ಬೆಣ್ಣೆಯ ಹದ ಹೇಗಿರಬೇಕು? ಬೆರಳಿಂದ ಒತ್ತಿದರೆ ಕುಳಿ ಬೀಳಬೇಕು, ಆದರೆ ಮುಟ್ಟಿದರೆ ತಣ್ಣಗಿರಬೇಕು, ಮೇಲೆ ಹೊಳಪು ಬಂದಿರಬಾರದು. ಹೊಳೆಯುತ್ತಿದೆ ಅಂದರೆ ಕರಗಲು ಶುರುವಾಗಿದೆ ಅಂತ. ಸುಮಾರು ಹತ್ತು ತುಂಡು ಮಾಡಿ, ಒಂದೊಂದೇ ಹಾಕಿ. ಒಂದು ಪೂರ್ತಿ ಒಳಗೆ ಹೋದ ಮೇಲೆ ಇನ್ನೊಂದು. ಮೂರನೆಯದೋ ನಾಲ್ಕನೆಯದೋ ಹಾಕುವಾಗ ಹಿಟ್ಟು ಚಿಂದಿಚಿಂದಿಯಾಗಿ ಜಾರುತ್ತದೆ, ಎಲ್ಲ ಕೆಟ್ಟಿತು ಅನ್ನಿಸುತ್ತದೆ. ಕೆಟ್ಟಿಲ್ಲ. ನಾದುತ್ತಾ ಇರಿ, ಮತ್ತೆ ಕೂಡಿಕೊಳ್ಳುತ್ತದೆ. ನಿಜವಾಗಿ ಕೆಡುವುದು ಯಾವಾಗ ಅಂದರೆ ಹಿಟ್ಟು ಬೆಚ್ಚಗಾಗಿ, ಮೇಲೆ ಎಣ್ಣೆಯ ಪಸೆ ಕಂಡಾಗ. ಆಗ ಹಟ ಮಾಡಬೇಡಿ. ಬೋಗುಣಿ ಸಮೇತ ಫ್ರೀಜರಿಗೆ ಹತ್ತು ನಿಮಿಷ, ಕೈಯನ್ನು ತಣ್ಣೀರಲ್ಲಿ ತೊಳೆದು ಒರೆಸಿಕೊಳ್ಳಿ, ಆಮೇಲೆ ಮುಂದುವರಿಸಿ. ಬೇಸಿಗೆಯಲ್ಲಿ ನಾನು ದೊಡ್ಡ ತಟ್ಟೆಗೆ ಐಸ್ ನೀರು ಹಾಕಿ ಸ್ಟೀಲ್ ಬೋಗುಣಿಯನ್ನು ಅದರ ಮೇಲಿಟ್ಟೇ ನಾದುತ್ತೇನೆ. ಒಟ್ಟು ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಮುಗಿದಾಗ ಹಿಟ್ಟು ರೇಷ್ಮೆಯಂತೆ ನುಣ್ಣಗಾಗಿ ಬೋಗುಣಿ ಬಿಟ್ಟು ಬರುತ್ತದೆ.

ಮುಚ್ಚಿ ಹೊರಗೆ ಇಡಿ. ಪುಸ್ತಕಗಳಲ್ಲಿ ಒಂದೂವರೆ ಗಂಟೆ, ಎರಡು ಗಂಟೆ ಅಂತ ಬರೆದಿರುತ್ತಾರೆ, ಅದು ಚಳಿ ದೇಶದ ಲೆಕ್ಕ. ಇಲ್ಲಿ ಬೇಸಿಗೆಯಲ್ಲಿ ಮುಕ್ಕಾಲು ಗಂಟೆ ಸಾಕು, ಡಿಸೆಂಬರಿನಲ್ಲಿ ಒಂದೂವರೆ ಗಂಟೆ ಬೇಕಾದೀತು. ಗಡಿಯಾರ ಬಿಡಿ, ಹಿಟ್ಟು ಒಂದೂವರೆಪಟ್ಟು ಆಗಿದೆಯಾ ಅಂತ ನೋಡಿ. ಆಮೇಲೆ ಗಾಳಿ ಹೋಗುವಂತೆ ಮೆಲ್ಲಗೆ ಅದುಮಿ, ಗಟ್ಟಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ, 8ರಿಂದ 12 ಗಂಟೆ. ರಾತ್ರಿಯ ಈ ತಂಪಿನಲ್ಲಿ ಎರಡು ಕೆಲಸ ಆಗುತ್ತವೆ: ನಿಧಾನವಾಗಿ ಹುದುಗಿ ರುಚಿ ಕೂಡುತ್ತದೆ, ಬೆಣ್ಣೆ ಗಟ್ಟಿಯಾಗಿ ಹಿಟ್ಟು ಹೇಳಿದ ಮಾತು ಕೇಳುವಂತೆ ಆಗುತ್ತದೆ.

ಬೆಳಿಗ್ಗೆ ಬೇಗ ಎದ್ದು, ಹಿಟ್ಟು ತಣ್ಣಗಿರುವಾಗಲೇ ಆಕಾರ ಕೊಡಿ. ಮೂರು ಭಾಗ ಮಾಡಿ ಉದ್ದಕ್ಕೆ ಹೊಸೆದು ಜಡೆ ಹೆಣೆಯಬಹುದು. ಬೇಡವೆಂದರೆ ಎಂಟು ಉಂಡೆ ಮಾಡಿ ಎರಡು ಸಾಲಲ್ಲಿ ಟಿನ್ನಿನಲ್ಲಿ ಜೋಡಿಸಿ. ನನಗೆ ಉಂಡೆಯೇ ಇಷ್ಟ, ಮಕ್ಕಳು ಕಿತ್ತು ಕಿತ್ತು ತಿನ್ನುತ್ತಾರೆ. ಟಿನ್ನಿಗೆ ಮೊದಲೇ ಬೆಣ್ಣೆ ಸವರಿರಿ.

ಎರಡನೇ ಸಲ ಉಬ್ಬಲು ಒಂದೂವರೆಯಿಂದ ಎರಡು ಗಂಟೆ. ಇಲ್ಲಿ ಇನ್ನೊಂದು ಬಲೆ ಇದೆ. ಇಡ್ಲಿ ಹಿಟ್ಟನ್ನು ಬೆಚ್ಚಗಿಡುವ ಅಭ್ಯಾಸದಿಂದ ಬಿಸಿಲಿಗೋ ಸ್ಟವ್ ಪಕ್ಕಕ್ಕೋ ಇಡಬೇಡಿ. 30 ಡಿಗ್ರಿ ದಾಟಿದರೆ ಬೆಣ್ಣೆ ಸೋರಲು ಶುರು. ಮನೆಯಲ್ಲಿ ಅತಿ ತಂಪಾದ ಕೋಣೆ ಯಾವುದೋ ಅಲ್ಲಿ, ಒದ್ದೆ ಬಟ್ಟೆ ಮುಚ್ಚಿ ಇಡಿ, ಬಟ್ಟೆ ಹಿಟ್ಟಿಗೆ ತಾಗದಿರಲಿ. ಬೆರಳಿಂದ ಮೆಲ್ಲಗೆ ಒತ್ತಿದಾಗ ಕುಳಿ ನಿಧಾನಕ್ಕೆ ಅರ್ಧ ಮಾತ್ರ ತುಂಬಿಕೊಂಡರೆ ಹದ ಬಂತು. ಈ ಹೊತ್ತಿಗೆ ಓವನ್ ಹಚ್ಚುವ ಮುಂಚೆ ಕರೆಂಟ್ ಹೋದರೆ? ನನಗೆ ಎರಡು ಸಲ ಆಗಿದೆ. ಟಿನ್ ಸಮೇತ ಫ್ರಿಜ್ಜಿಗೆ ಹಾಕಿ, ಬಾಗಿಲು ಪದೇಪದೇ ತೆಗೆಯದೆ ಕಾಯಿರಿ, ಒಂದು ಗಂಟೆ ಏನೂ ಆಗುವುದಿಲ್ಲ.

ಓಟಿಜಿಯನ್ನು, ಅಂದರೆ ಮನೆಯಲ್ಲಿಡುವ ಸಣ್ಣ ಕರೆಂಟ್ ಓವನ್ನನ್ನು, 180 ಡಿಗ್ರಿಗೆ ಹದಿನೈದು ನಿಮಿಷ ಕಾಯಿಸಿ. ಹಳದಿ ಮತ್ತು ಹಾಲು ಕಲಸಿ ಬ್ರಶ್‌ನಿಂದ ತೆಳ್ಳಗೆ ಸವರಿ, ಬದಿಯಲ್ಲಿ ಇಳಿಯಬಾರದು, ಇಳಿದರೆ ಟಿನ್ನಿಗೆ ಅಂಟಿ ಮೇಲೇಳಲು ಬಿಡುವುದಿಲ್ಲ. ಕೆಳಗಿನ ಸಾಲಿನಲ್ಲಿಟ್ಟು ಉರಿಯನ್ನು 170ಕ್ಕೆ ಇಳಿಸಿ. ಸಕ್ಕರೆಗಿಂತ ಜೇನು ಬೇಗ ಕೆಂಪಾಗುತ್ತದೆ, ಹದಿನೈದನೇ ನಿಮಿಷಕ್ಕೇ ಮೇಲೆ ಕಂದುಬಣ್ಣ ಬಂದಿರುತ್ತದೆ, ನೋಡಿದವರು ಆಯಿತು ಅಂತ ತೆಗೆದುಬಿಡುತ್ತಾರೆ, ಒಳಗೆ ಹಸಿ ಹಿಟ್ಟು. ಹಾಗೆ ಮಾಡದೆ ಫಾಯಿಲ್ ಹಾಳೆಯನ್ನು ಸಡಿಲವಾಗಿ ಹೊದಿಸಿ, ಒಟ್ಟು 30ರಿಂದ 35 ನಿಮಿಷ ಬೇಯಿಸಿ. ಥರ್ಮಾಮೀಟರ್ ಇದ್ದರೆ ನಡುವೆ ಚುಚ್ಚಿ ನೋಡಿ, 90 ಡಿಗ್ರಿ ಬರಬೇಕು. ಇಲ್ಲದಿದ್ದರೆ ಉದ್ದನೆ ಕಡ್ಡಿ ಚುಚ್ಚಿ, ಹಸಿ ಹಿಟ್ಟು ಅಂಟಬಾರದು. ಓವನ್ ಇಲ್ಲದೆ ಕುಕ್ಕರಿನಲ್ಲಿ ಆಗುತ್ತದಾ ಅಂತ ಕೇಳುತ್ತಾರೆ. ಮಾಡಿ ನೋಡಿದ್ದೇನೆ: ತಳ ಸೀದಿತ್ತು, ಮೇಲೆ ಬಿಳಿ. ಅದರಲ್ಲಿ ಕೇಕ್ ಮಾಡಿಕೊಳ್ಳಿ.

ಮೊಟ್ಟೆ ಒಲೆ ಹತ್ತಿರ ಬರಕೂಡದು ಅನ್ನುವ ಮನೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಮೊಟ್ಟೆಯ ಬದಲು 120 ಮಿಲಿ ಹಾಲು, 2 ಚಮಚ ಗಟ್ಟಿ ಮೊಸರು ಹಾಕಿ, ಬೆಣ್ಣೆ 80 ಗ್ರಾಮಿಗೆ ಇಳಿಸಿ, ಮೇಲೆ ಹಾಲು ಸವರಿ. ಒಳ್ಳೇ ಹಾಲಿನ ಬ್ರೆಡ್ ಆಗುತ್ತದೆ. ಬ್ರಿಯೋಶ್ ಅನ್ನಲು ನನಗೆ ಬಾಯಿ ಬರುವುದಿಲ್ಲ, ಅಷ್ಟೇ.

ಐದು ನಿಮಿಷಕ್ಕೆ ಟಿನ್ನಿನಿಂದ ತೆಗೆದು ಜಾಲರಿ ಮೇಲಿಡಿ. ಬಿಸಿಬಿಸಿ ಕೊಯ್ದರೆ ಒಳಗೆ ಮುದ್ದೆಯಾಗುತ್ತದೆ, ಒಂದು ಗಂಟೆ ತಡೆಯಿರಿ. ಡಬ್ಬಿಯಲ್ಲಿ ಎರಡು ದಿನ ಇರುತ್ತದೆ, ಮಳೆಗಾಲದಲ್ಲಿ ಅಷ್ಟೂ ನೆಚ್ಚಬೇಡಿ, ಬೂಷ್ಟು ಬರುತ್ತದೆ. ಮಿಕ್ಕರೆ ಹೋಳು ಮಾಡಿ ಫ್ರೀಜರಿನಲ್ಲಿಡಿ. ತಿನ್ನುವಾಗ ನೇರವಾಗಿ ಹಂಚಿನ ಮೇಲೆ ಬಿಸಿ ಮಾಡಿ, ಬೆಣ್ಣೆ ಹಾಕುವುದು ಬೇಡ, ಅದರೊಳಗೇ ಇದೆ. ಉರಿ ಮಾತ್ರ ಸಣ್ಣಗಿರಲಿ, ಜೇನು ಇರುವುದರಿಂದ ಆ ಕಡೆ ತಿರುಗಿ ಈ ಕಡೆ ನೋಡುವಷ್ಟರಲ್ಲಿ ಸೀದಿರುತ್ತದೆ.