ಉದ್ರಿ ವಹಿಯಲ್ಲಿ ಹೊಡೆದುಹಾಕಿದ ಸಾಲು

ವಿಜಯಪುರದ ಜುಮ್ಮಾ ಮಸೀದಿಯ ಸಮೀಪದ ಓಣಿಯಲ್ಲಿ ನನ್ನದು ಕಿರಾಣಿ ಅಂಗಡಿ. ಪ್ರತಿ ರಂಜಾನಿನಲ್ಲಿ ಸರಕು, ನಗದು, ಬರಬೇಕಾದ ಬಾಕಿ ಕೂಡಿಸಿ, ಕೊಡಬೇಕಾದ ಸಾಲ ಕಳೆದು, ನೂರಕ್ಕೆ ಎರಡೂವರೆಯಂತೆ ಝಕಾತ್, ಅಂದರೆ ಬಡವರಿಗೆ ಕೊಡಲೇಬೇಕಾದ ಧರ್ಮದ ಪಾಲು, ತೆಗೆಯುತ್ತೇನೆ. ಲೆಕ್ಕ ಎಂದೂ ತಪ್ಪಿಲ್ಲ. ಯಾರಿಗೆ ಸಲ್ಲುತ್ತದೆ ಎಂಬಲ್ಲಿ ಎಡವಿದ್ದೇನೆ.

ಓಣಿಯಲ್ಲಿ ಒಬ್ಬ ವಿಧವೆಯಿದ್ದಾರೆ. ಎಲ್ಲರಿಗೂ ಅವರು ಆಪಾ. ಎರಡು ಖೋಲಿಯ ಸ್ವಂತ ಮನೆ, ಒಂದು ಹೊಲಿಗೆ ಯಂತ್ರ, ಕಾಲಲ್ಲಿ ಬೆಳ್ಳಿಯ ಕಡಗ. ಇಷ್ಟಿರುವವರು ಬಡವರು ಹೇಗಾದಾರು ಎಂದು ವರ್ಷಗಟ್ಟಲೆ ಅವರನ್ನು ಬಿಟ್ಟು, ಬಾಗಿಲಿಗೆ ಬಂದು ಕೈಯೊಡ್ಡಿದವರಿಗೇ ಕೊಟ್ಟೆ. ಬೇಡದೆ ಮಾನದಿಂದಿರುವ ಬಡವರನ್ನು ಅರಿಯದವರು ಸಿರಿವಂತರೆಂದೇ ಭಾವಿಸುತ್ತಾರೆ ಎಂದು ಕುರ್‌ಆನಿನ ಅಲ್‌ಬಕರಾ ಅಧ್ಯಾಯ ಹೇಳುತ್ತದೆ. ಆ ಅರಿಯದವನು ನಾನೇ ಆಗಿದ್ದೆ.

ಮೌಲಾನಾರನ್ನು ಕೇಳಿದಾಗ, ಇಸ್ಲಾಮಿನ ಧರ್ಮಶಾಸ್ತ್ರದ ಪಂಥಗಳಲ್ಲೊಂದಾದ ಹನಫಿ ಪಂಥದ ಅಳತೆಯನ್ನು ಬಿಡಿಸಿ ಹೇಳಿದರು. ವಾಸದ ಮನೆ, ಉಡುವ ಬಟ್ಟೆ, ದುಡಿಮೆಯ ಸಲಕರಣೆ ಲೆಕ್ಕಕ್ಕಿಲ್ಲ. ಅವುಗಳ ಹೊರತಾಗಿ, ಸಾಲ ಕಳೆದ ಮೇಲೆ, ಐವತ್ತೆರಡೂವರೆ ತೊಲೆ ಬೆಳ್ಳಿಯ, ಅಂದರೆ 612.36 ಗ್ರಾಮಿನ, ಬೆಲೆಯಷ್ಟು ಹೆಚ್ಚುವರಿ ಆಸ್ತಿ ಇಲ್ಲದವರು ಪಡೆಯಬಹುದು. ಸಯ್ಯದ್, ಅಂದರೆ ಪ್ರವಾದಿಯವರ ವಂಶದ, ಮನೆತನದವರಾಗಿರಬಾರದು. ಕೊಡುವವನ ತಂದೆತಾಯಿ, ಮಕ್ಕಳು, ಹೆಂಡತಿಗೂ ಸಲ್ಲದು. ಬಡ ಒಡಹುಟ್ಟಿದವರಿಗೆ ಸಲ್ಲುತ್ತದೆ, ಪುಣ್ಯವೂ ಇಮ್ಮಡಿ. ಗುಳೇದಗುಡ್ಡದಲ್ಲಿರುವ ನನ್ನ ಅಕ್ಕನ ಕಷ್ಟ ನೆನಪಾಗಿ ಅಲ್ಲಿಯೇ ಗಂಟಲು ಕಟ್ಟಿತು.

ಆಪಾ ಅವರನ್ನು ನಾನೇ ವಿಚಾರಿಸುವುದು ಸರಿಯಲ್ಲವೆಂದು ಹೆಂಡತಿ ಹೋದಳು. ಬಂಗಾರ ಒಂದು ಗುಂಜಿಯೂ ಇರಲಿಲ್ಲ. ಕಡಗ ಇಪ್ಪತ್ತಮೂರು ತೊಲೆ. ಅಟ್ಟದ ಮೇಲೆ ಬಳಸದೆ ಬೋರಲು ಹಾಕಿದ್ದ ಒಂದು ತಾಮ್ರದ ಹಂಡೆ. ಬಳಕೆಯಿಲ್ಲದ ಪಾತ್ರೆಯ ಬೆಲೆಯೂ ಲೆಕ್ಕಕ್ಕೆ ಬರುತ್ತದೆ, ಆದರೂ ಎಲ್ಲ ಸೇರಿ ಅಳತೆಯ ಹತ್ತಿರಕ್ಕೂ ಬರಲಿಲ್ಲ. ಮೇಲೆ ನನ್ನ ಅಂಗಡಿಯದೇ 4,300 ರೂಪಾಯಿ ಉದ್ರಿ.

ಅಂದು ರಾತ್ರಿಯೇ ವಹಿ ತೆರೆದು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದೆ. ಝಕಾತ್ ಮುಟ್ಟಿತು ಎಂದುಕೊಂಡೆ.

"ಮುಟ್ಟಲಿಲ್ಲ," ಎಂದರು ಮೌಲಾನಾ. "ಬಾಕಿ ಬಿಟ್ಟರೆ ಝಕಾತ್ ಆಗುವುದಿಲ್ಲ. ಹಣ ಅವರ ಕೈ ಸೇರಿ ಅವರದಾಗಬೇಕು. ಆಮೇಲೆ ಏನು ಮಾಡಬೇಕೆಂಬುದು ಅವರ ಇಚ್ಛೆ."

ಗೆರೆಯ ಕೆಳಗೆ ಮತ್ತೆ 4,300 ಎಂದು ಬರೆದೆ. ಝಕಾತ್ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮನಸ್ಸಿನಲ್ಲಿ ಸಂಕಲ್ಪವಿದ್ದರೆ ಸಾಕು. ಐದು ಸಾವಿರ ರೂಪಾಯಿಯನ್ನು ಲಕೋಟೆಯಲ್ಲಿಟ್ಟು ಈದಿನ ಉಡುಗೊರೆಯೆಂದು ಹೆಂಡತಿಯ ಕೈಯಲ್ಲಿ ಕಳುಹಿಸಿದೆ. ಉದ್ರಿಯ ಮಾತೆತ್ತಬೇಡ ಎಂದಿದ್ದೆ.

ಹಬ್ಬ ಮುಗಿದ ವಾರಕ್ಕೆ ಆಪಾ ಬಂದರು. "ವಹಿ ತೆಗೆಯಿರಿ ಭಾಯಿ," ಎಂದು ಒಂದೂವರೆ ಸಾವಿರ ಎಣಿಸಿ ತಕ್ಕಡಿಯ ಪಕ್ಕದಲ್ಲಿಟ್ಟರು. "ಉಳಿದದ್ದನ್ನು ನಿಧಾನವಾಗಿ ಕೊಡುತ್ತೇನೆ. ಯಂತ್ರಕ್ಕೆ ಮೋಟಾರು ಹಾಕಿಸಿದೆ. ತುಳಿದು ತುಳಿದು ಮೊಣಕಾಲು ಸೋತಿತ್ತು."