ಬಿದ್ದ ಮರದ ತಲೆ ಯಾವ ಕಡೆಗಿದೆ? ಸುಂಟರಗಾಳಿಯ ಮಾರನೇ ದಿನದ ಸರ್ವೆ

ಗಾಳಿ ಹೊಡೆದ ಮಾರನೇ ದಿನ ಬೆಳಗ್ಗೆ ಆರಕ್ಕೇ ಹೊಲದಲ್ಲಿರಿ. ಹತ್ತು ಗಂಟೆಗೆ ಹೋದರೆ ಮರ ಕೊಯ್ಯುವವರು ಬಂದಿರುತ್ತಾರೆ, ಹಾರಿದ ಶೀಟುಗಳನ್ನು ಆಯ್ದು ಗೋಡೆಗೆ ಒರಗಿಸಿರುತ್ತಾರೆ. ಆಮೇಲೆ ನಷ್ಟದ ಲೆಕ್ಕ ಸಿಗುತ್ತದೆಯೇ ಹೊರತು ಗಾಳಿ ಹೇಗೆ ಬಂತು ಅನ್ನೋದು ಸಿಗುವುದಿಲ್ಲ. ನಾನು ಬೆಂಗಳೂರಿನ ಯಲಹಂಕದಲ್ಲಿದ್ದುಕೊಂಡು ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಜಮೀನು ಅಳೆಯುವವನು. ಒಂದು ಮೇ ತಿಂಗಳು, ಕೃತ್ತಿಕೆ ಮಳೆಯಲ್ಲಿ, ನಮ್ಮ ಸೋದರಮಾವನ ಊರಿನ ಮೇಲೆ ಗಾಳಿ ಹಾದುಹೋದಾಗ ಈ ಕೆಲಸವೂ ನನ್ನ ಪಾಲಿಗೆ ಬಂತು.

ಮೊದಲು ಕರೆಂಟಿನ ವಿಷಯ. ಬಿದ್ದ ತಂತಿಯಲ್ಲಿ ಕರೆಂಟಿಲ್ಲ ಅಂದುಕೊಳ್ಳಲೇಬೇಡಿ. ಅದು ತಂತಿ ಬೇಲಿಗೆ ತಗುಲಿದ್ದರೆ ಬೇಲಿಯೂ ಹೊಡೆಯುತ್ತದೆ. 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿದ್ದೇನೆ ಅಂತ ಬಾಯಿಬಿಟ್ಟು ಹೇಳುವವರೆಗೆ ಆ ಕಡೆ ಕಾಲಿಡಬೇಡಿ.

ಜೊತೆಗೆ ಗ್ರಾಮ ನಕ್ಷೆಯ ಜೆರಾಕ್ಸ್, ಪೆನ್ಸಿಲ್, ಟೇಪು, ದಿಕ್ಸೂಚಿ ಇರುವ ಫೋನು ಇದ್ದರೆ ಸಾಕು. ಜಿಂಕ್ ಶೀಟು, ಕಬ್ಬಿಣದ ಗೇಟಿನ ಪಕ್ಕ ನಿಂತು ದಿಕ್ಕು ನೋಡಬೇಡಿ, ಮುಳ್ಳು ತಪ್ಪು ತೋರಿಸುತ್ತದೆ. ಹತ್ತು ಹೆಜ್ಜೆ ಆಚೆ ಹೋಗಿ ನೋಡಿ.

ಇನ್ನು ಮುಖ್ಯ ಕೆಲಸ. ಬಿದ್ದ ಒಂದೊಂದು ಮರಕ್ಕೂ ನಕ್ಷೆಯ ಮೇಲೆ ಬುಡದಿಂದ ತಲೆಯ ಕಡೆಗೆ ಒಂದು ಬಾಣ ಎಳೆಯಿರಿ. ಬಾಣಗಳೆಲ್ಲ ಒಂದೇ ಕಡೆ ತಿರುಗಿದ್ದರೆ ಅಥವಾ ಒಂದು ಜಾಗದಿಂದ ಬೀಸಣಿಗೆಯ ಹಾಗೆ ಹರಡಿದ್ದರೆ ಅದು ಮೋಡದಿಂದ ಕೆಳಕ್ಕೆ ಧುಮುಕಿ ನೆಲದ ಮೇಲೆ ಚೆಲ್ಲಿದ ಗಾಳಿ. ಕಿರಿದಾದ ಪಟ್ಟಿಯ ಎರಡೂ ಬದಿಯ ಬಾಣಗಳು ನಡುವಿನ ಕಡೆಗೆ ಮುಖ ಮಾಡಿದ್ದರೆ ಸುಂಟರಗಾಳಿ. 1974ರಲ್ಲಿ ಅಮೆರಿಕದ ಕಾಡುಗಳ ಮೇಲೆ ವಿಮಾನದಲ್ಲಿ ಹಾರಾಡಿದ ಫುಜಿಟಾ ಎಂಬ ವಿಜ್ಞಾನಿಗೆ, ನಕ್ಷತ್ರದಂತೆ ಸುತ್ತಲೂ ಚೆಲ್ಲಿ ಬಿದ್ದಿದ್ದ ಮರಗಳಿಂದಲೇ ಈ ಎರಡರ ಭೇದ ಹೊಳೆದದ್ದು.

ಮಾವ ಬೆಳಗ್ಗೆಯೇ "ಗಿರಗಿರ ತಿರುಗ್ತು ಕಣಯ್ಯಾ, ಸುಂಟರಗಾಳೀನೇ" ಅಂದಿದ್ದರು. ಕಣ್ಣಾರೆ ಕಂಡವರ ಮಾತು ಬರೆದುಕೊಳ್ಳಿ, ಆದರೆ ಬಾಣ ಎಳೆಯುವವರೆಗೆ ತೀರ್ಮಾನ ಮಾಡಬೇಡಿ. ಧೂಳೆದ್ದರೆ ಎಲ್ಲ ಗಾಳಿಯೂ ತಿರುಗಿದಂತೆಯೇ ಕಾಣುತ್ತದೆ. ಅಲ್ಲಿ ತೆಂಕಲ ಬದುವಿನ ಸಿಲ್ವರ್ ಮರಗಳು ಬಡಗಲಿಗೆ ತಲೆ ಹಾಕಿ ಮಲಗಿದ್ದವು, ಬಡಗಲ ಬದುವಿನವು ತೆಂಕಲಿಗೆ. ನಡುವೆ ಟೇಪು ಹಿಡಿದರೆ ಅರವತ್ತು ಮೀಟರ್. ಅದರಾಚೆ ರಾಗಿ ಹುಲ್ಲಿನ ಬಣವೆಯ ಒಂದು ಎಳೆಯೂ ಅಲುಗಿರಲಿಲ್ಲ. ಆ ಬಣವೆಯನ್ನೂ ನಕ್ಷೆಯಲ್ಲಿ ಗುರುತು ಮಾಡಿದೆ. ಏನೂ ಆಗದ ಜಾಗ ಗೊತ್ತಾಗದೆ ಪಟ್ಟಿಯ ಅಗಲ ಗೊತ್ತಾಗುವುದಿಲ್ಲ.

ಗಾಳಿಯ ಜೋರು ಅಳೆಯುವಾಗ, ಮುರಿದ ವಸ್ತು ಮೊದಲು ಎಷ್ಟು ಗಟ್ಟಿಯಾಗಿತ್ತು ಅನ್ನೋದನ್ನು ಕೇಳಿ. ಮೇಲೆ ಕಲ್ಲು ಹೇರಿ ನಿಲ್ಲಿಸಿದ್ದ ದನದ ಕೊಟ್ಟಿಗೆಯ ಶೀಟು ಹಾರಿದ್ದರಿಂದ ಏನೂ ತಿಳಿಯುವುದಿಲ್ಲ. ಬೋಲ್ಟು ಹಾಕಿದ ಶೀಟು ಆಂಗಲ್ ಸಮೇತ ಕಿತ್ತು ಬಂದಿದ್ದರೆ ಹತ್ತಿರದಿಂದ ಫೋಟೊ ತೆಗೆಯಿರಿ. ನಾನು ಮೊದಲು ಬೆಚ್ಚಿಬಿದ್ದದ್ದು ಅಡ್ಡಬಿದ್ದ ದೊಡ್ಡ ಹೊಂಗೆ ಮರ ಕಂಡು. ಬಗ್ಗಿ ನೋಡಿದರೆ ಬುಡದ ಒಳಗೆಲ್ಲ ಗೆದ್ದಲು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಪಕ್ಕದಲ್ಲೇ ಗಟ್ಟಿ ಸಿಲ್ವರ್ ಮರವೊಂದು ಆಳೆತ್ತರದಲ್ಲಿ ಮುರಿದು, ಸಿಬಿರು ಹಸಿಯಾಗಿ ಹೊಳೆಯುತ್ತಿತ್ತು. ಸಾಕ್ಷಿ ಹೇಳಬಲ್ಲದ್ದು ಅದೇ. ಅಮೆರಿಕದಲ್ಲಿ 2007ರಿಂದ ಬಳಸುವ ಸುಧಾರಿತ ಫುಜಿಟಾ ಮಾಪಕದಲ್ಲಿ ಗಂಟೆಗೆ 105ರಿಂದ 137 ಕಿ.ಮೀ. ಸೊನ್ನೆಯ ದರ್ಜೆ, 138ರಿಂದ 177 ಒಂದನೆಯದು. ಇವೂ ಹಾನಿ ನೋಡಿ ಮಾಡುವ ಅಂದಾಜೇ, ಆದ್ದರಿಂದ ಒಂದೇ ಮರ ನೋಡಿ ದರ್ಜೆ ಕೊಡಬೇಡಿ.

ಪರಿಹಾರದ ಅರ್ಜಿಗೆ ಬಾಣದ ನಕ್ಷೆ ಬೇಕಿಲ್ಲ, ಬೇರೆ ಪಟ್ಟಿ ಬೇಕು: ಸರ್ವೆ ನಂಬರು, ಬೆಳೆ, ಹಾಳಾದ ಗುಂಟೆ. ಬೆಳೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ವಿಪತ್ತು ಪರಿಹಾರದ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಬಾಳೆ ಗಿಡಗಳನ್ನು ಸಾಲು ಹಿಡಿದು ಎಣಿಸಿ, ನಿಂತದ್ದು ಎಷ್ಟು, ಬಿದ್ದದ್ದು ಎಷ್ಟು ಅಂತ. ಫೋಟೊ, ಎಣಿಕೆ ಮುಗಿದ ಜಮೀನಿನವರಿಗೆ ಆಗಿಂದಾಗಲೇ ತಿಳಿಸಿಬಿಡಿ, ಅವರು ಮರ ತೆರವು ಮಾಡಿಕೊಳ್ಳಲಿ. ಸಂಜೆಯೊಳಗೆ ಹಸು ಕಟ್ಟಲು ಜಾಗ ಬೇಕಿರುತ್ತದೆ.